ಗುಡುಗಿಗೆ ಬೀಳುವ ಸ್ವಿಚ್ಚು: ತಪ್ಪು ಯಾರದು?

ಏಪ್ರಿಲ್ ಕೊನೆಯ ವಾರ, ಭರಣಿ ಮಳೆ ಹಿಡಿಯುವ ಹೊತ್ತು. ಹಗಲಿಡೀ ಬೆವರಿಳಿಸಿದ ಸೆಕೆ ಸಂಜೆಗೆ ಕಪ್ಪು ಮೋಡವಾಗಿ ನಿಲ್ಲುತ್ತದೆ. ದೂರದಲ್ಲೆಲ್ಲೋ ಮಿಂಚು, ಹಿಂದೆಯೇ ಗುಡುಗು. ಮನೆಯ ಮೀಟರ್ ಬೋರ್ಡಿನಿಂದ ‘ಟಕ್’ ಎಂಬ ಸದ್ದು ಬರುತ್ತದೆ. ದೀಪ, ಫ್ಯಾನು, ಫ್ರಿಜ್ಜು ಎಲ್ಲವೂ ಒಟ್ಟಿಗೇ ನಿಲ್ಲುತ್ತವೆ. ಕಿಟಕಿಯಿಂದ ನೋಡಿದರೆ ಪಕ್ಕದ ಮನೆಯಲ್ಲಿ ದೀಪ ಉರಿಯುತ್ತಲೇ ಇದೆ! ಮಲೆನಾಡು, ಕರಾವಳಿಗಳ ಓದುಗರಿಗೆ ಇದು ಹೊಸ ಅನುಭವವೇನಲ್ಲ.

ಮಲೆನಾಡಿನಲ್ಲಿರುವ ನನ್ನ ಚಿಕ್ಕಪ್ಪನ ಮನೆಯಲ್ಲಿ ಒಂದು ವರ್ಷ ಹೀಗೆಯೇ ಆಯಿತು. ಮೂರು ವಾರಗಳಲ್ಲಿ ಏಳೆಂಟು ಸಲ ಸ್ವಿಚ್ಚು ಬಿದ್ದಿತು. ಕೊನೆಗೆ ವೈರಿಂಗ್ ಕೆಲಸದವರನ್ನು ಕರೆಸಿದರು. ಅವರು ಬೋರ್ಡು ಬಿಚ್ಚಿ, ಆರ್‌ಸಿಸಿಬಿಯ ಒಳಹೋಗುವ ತಂತಿಗಳನ್ನು ಹೊರಬರುವ ತಂತಿಗಳಿಗೇ ಜೋಡಿಸಿ, ಮುಚ್ಚಳ ಹಾಕಿದರು. “ಗುಡುಗಿದ್ರೆ ಸಾಕು ಬೀಳುತ್ತೆ ಸಾರ್, ಸುಮ್ನೆ ಕಿರಿಕಿರಿ. ಡೈರೆಕ್ಟ್ ಕೊಟ್ಟಿದೀನಿ, ಇನ್ನು ತೊಂದ್ರೆ ಇರಲ್ಲ” ಎಂದರು. ಹತ್ತು ನಿಮಿಷದ ಕೆಲಸ. ಚಿಕ್ಕಪ್ಪನಿಗೂ ಸಮಾಧಾನವಾಯಿತು.

ಆ ಹತ್ತು ನಿಮಿಷದ ಕೆಲಸವನ್ನು ವಿಮರ್ಶೆಗೆ ಒಳಪಡಿಸುವುದೇ ಈ ಲೇಖನದ ಉದ್ದೇಶ. ಏಕೆಂದರೆ ಅದು ಒಬ್ಬ ಕೆಲಸಗಾರನ ತಪ್ಪಲ್ಲ. ಮನೆಯ ವಿದ್ಯುತ್ ಸುರಕ್ಷತೆಯ ಬಗ್ಗೆ ನಮ್ಮೆಲ್ಲರ ತಲೆಯಲ್ಲಿರುವ ಗೊಂದಲ ಅಲ್ಲಿ ಕೆಲಸವಾಗಿ ಇಳಿದಿತ್ತು, ಅಷ್ಟೆ.

ಎರಡು ಸಾಧನ, ಎರಡು ಕೆಲಸ

‘ಟ್ರಿಪ್ ಆಯಿತು’ ಎನ್ನುವಾಗ ಯಾವುದು ಟ್ರಿಪ್ ಆಯಿತು ಎಂದು ಮೊದಲು ನೋಡಬೇಕು. ಬೋರ್ಡಿನಲ್ಲಿ ಸಾಮಾನ್ಯವಾಗಿ ಎರಡು ಜಾತಿಯ ಸಾಧನಗಳಿರುತ್ತವೆ.

ಒಂದು, ಎಂಸಿಬಿ. ಇದು ಹಳೆಯ ಫ್ಯೂಸಿನ ಉತ್ತರಾಧಿಕಾರಿ. ಇದರೊಳಗೆ ಎರಡು ಲೋಹಗಳನ್ನು ಬೆಸೆದ ಒಂದು ಪಟ್ಟಿ ಮತ್ತು ಒಂದು ತಂತಿಸುರುಳಿ ಇರುತ್ತವೆ. ಹೊರೆ ಹೆಚ್ಚಾದಾಗ ಪಟ್ಟಿ ಬಿಸಿಯಾಗಿ ಬಾಗಿ ಸ್ವಿಚ್ಚನ್ನು ಬಿಡಿಸುತ್ತದೆ. ಶಾರ್ಟ್ ಸರ್ಕ್ಯೂಟ್ ಆದಾಗ ಸುರುಳಿಯ ಕಾಂತಬಲ ಆ ಕೆಲಸವನ್ನು ಕ್ಷಣದಲ್ಲಿ ಮಾಡುತ್ತದೆ. ‘ಸಿ’ ವರ್ಗದ ಎಂಸಿಬಿ ತನ್ನ ಮೇಲೆ ಬರೆದ ಆಂಪೇರಿನ 5ರಿಂದ 10 ಪಟ್ಟು ಪ್ರವಾಹಕ್ಕೆ ತಕ್ಷಣ ಬೀಳುತ್ತದೆ. ಎಂದರೆ 16 ಆಂಪೇರಿನದು 80ರಿಂದ 160 ಆಂಪೇರಿನ ನಡುವೆ. ಇದು ಕಾಯುವುದು ತಂತಿಯನ್ನು, ಬೆಂಕಿಯಿಂದ.

ಎರಡನೆಯದು ಆರ್‌ಸಿಸಿಬಿ. ನಮ್ಮ ಕಡೆ ಹಳೆಯ ಅಭ್ಯಾಸದಿಂದ ಇದನ್ನೂ ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಫೇಸ್ ಮತ್ತು ನ್ಯೂಟ್ರಲ್ ತಂತಿಗಳೆರಡೂ ಇದರೊಳಗಿನ ಒಂದು ಕಾಂತೀಯ ಉಂಗುರದ ಮೂಲಕ ಹಾದುಹೋಗುತ್ತವೆ. ಹೋದಷ್ಟೇ ಪ್ರವಾಹ ಮರಳಿದರೆ ಎರಡರ ಕಾಂತ ಪರಿಣಾಮ ಒಂದನ್ನೊಂದು ಅಳಿಸುತ್ತದೆ. ಸ್ವಲ್ಪ ಪ್ರವಾಹ ನೆಲದ ದಾರಿ ಹಿಡಿದರೆ ಲೆಕ್ಕ ತಪ್ಪುತ್ತದೆ, ಸ್ವಿಚ್ಚು ಬೀಳುತ್ತದೆ. ಮನೆಗಳಲ್ಲಿ ಬಳಸುವ 30 ಮಿಲಿಆಂಪೇರಿನ ಆರ್‌ಸಿಸಿಬಿ ಅಷ್ಟು ಸೋರಿಕೆಗೆ 0.3 ಸೆಕೆಂಡಿನೊಳಗೆ, ಅದರ ಐದು ಪಟ್ಟು ಸೋರಿಕೆಗೆ 0.04 ಸೆಕೆಂಡಿನೊಳಗೆ ಬೀಳಬೇಕು. ಇದು ಕಾಯುವುದು ಮನುಷ್ಯನನ್ನು.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಲೆಕ್ಕ ಸಾಕು. ಒದ್ದೆ ಮೈಯ ರೋಧ ಸುಮಾರು 1,000 ಓಮ್ ಎಂದುಕೊಳ್ಳಿ. 230 ವೋಲ್ಟಿನ ತಂತಿ ತಗುಲಿದರೆ ಮೈಯಲ್ಲಿ ಹರಿಯುವುದು 0.23 ಆಂಪೇರ್. ಸುಮಾರು 10 ಮಿಲಿಆಂಪೇರ್ ದಾಟಿದರೆ ಹಿಡಿದ ಕೈ ಬಿಡಲಾಗದು. ಕೆಲವು ಹತ್ತು ಮಿಲಿಆಂಪೇರ್ ಸೆಕೆಂಡುಗಟ್ಟಲೆ ಹರಿದರೆ ಹೃದಯದ ಲಯ ತಪ್ಪಬಹುದು. 0.23 ಆಂಪೇರ್ ಎಂದರೆ ಕೊಲ್ಲಲು ಬೇಕಾದುದಕ್ಕಿಂತ ಹೆಚ್ಚು. ಆದರೆ 16 ಆಂಪೇರಿನ ಎಂಸಿಬಿಗೆ ಅದು ಒಂದು ಸಣ್ಣ ಬಲ್ಬಿನ ಹೊರೆ! ಮನುಷ್ಯ ಸಾಯುತ್ತಿರುವುದು ಎಂಸಿಬಿಗೆ ತಿಳಿಯುವುದೇ ಇಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಡಾಲ್‌ಜೀಲ್ ಮನುಷ್ಯ ಕೈಬಿಡಬಲ್ಲ ಪ್ರವಾಹದ ಮಿತಿಯನ್ನು ಅಳೆದು, 1961ರಲ್ಲಿ ಸೋರಿಕೆಯನ್ನು ಗುರುತಿಸಿ ಕಡಿಯುವ ಸಾಧನವೊಂದನ್ನು ರೂಪಿಸಿದ್ದು ಈ ಕೊರತೆಯನ್ನು ತುಂಬಲೆಂದೇ.

ಗುಡುಗಿಗೂ ಅದಕ್ಕೂ ಏನು ಸಂಬಂಧ?

ಶಬ್ದಕ್ಕೆ ಏನೂ ಸಂಬಂಧವಿಲ್ಲ. ಸಂಬಂಧವಿರುವುದು ಮಿಂಚಿಗೆ. ಸಿಡಿಲಿನ ಒಂದು ಹೊಡೆತದಲ್ಲಿ ಸುಮಾರು 30,000 ಆಂಪೇರ್ ಪ್ರವಾಹ ಕೆಲವೇ ಮೈಕ್ರೊಸೆಕೆಂಡುಗಳಲ್ಲಿ ಏರಿ ಇಳಿಯುತ್ತದೆ. ಅದು ತಂತಿಗೇ ಬಡಿಯಬೇಕಿಲ್ಲ. ನೂರಾರು ಮೀಟರ್ ದೂರದಲ್ಲಿ ನೆಲಕ್ಕೆ ಬಡಿದರೂ ಕಂಬದಿಂದ ಕಂಬಕ್ಕೆ ಎಳೆದ ತಂತಿಗಳಲ್ಲಿ ಪ್ರೇರಣೆಯಿಂದ ಸಾವಿರಾರು ವೋಲ್ಟಿನ ಉಬ್ಬರ ಏಳುತ್ತದೆ. ಇದನ್ನೇ ಸರ್ಜ್ ಎನ್ನುವುದು.

ಮನೆಯೊಳಗೆ ಅದು ದಾರಿ ಹುಡುಕುತ್ತದೆ. ಟಿವಿ, ಕಂಪ್ಯೂಟರ್, ವಾಷಿಂಗ್ ಮೆಷಿನ್‌ಗಳ ಒಳಗೆ ವಿದ್ಯುತ್ ಗದ್ದಲವನ್ನು ಸೋಸಲು ಫೇಸಿನಿಂದ ಅರ್ಥಿಗೆ ಸಣ್ಣ ಧಾರಕಗಳನ್ನು ಹಾಕಿರುತ್ತಾರೆ. ಮನೆಯಲ್ಲಿರುವ ಇಂಥ ಎಲ್ಲ ಧಾರಕಗಳ ಒಟ್ಟು ಸಾಮರ್ಥ್ಯ 0.01 ಮೈಕ್ರೊಫ್ಯಾರಡ್ ಎಂದಿಟ್ಟುಕೊಳ್ಳೋಣ. ಎಂದಿನ 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಅವುಗಳ ಮೂಲಕ ನೆಲಕ್ಕೆ ಹರಿಯುವುದು ಸುಮಾರು 0.7 ಮಿಲಿಆಂಪೇರ್ ಮಾತ್ರ. ಆದರೆ ಒಂದು ಮೈಕ್ರೊಸೆಕೆಂಡಿನಲ್ಲಿ 2,000 ವೋಲ್ಟ್ ಏರಿದರೆ ಅದೇ ಧಾರಕಗಳಲ್ಲಿ ಆ ಕ್ಷಣಕ್ಕೆ 20 ಆಂಪೇರ್ ಹರಿಯುತ್ತದೆ! ಆರ್‌ಸಿಸಿಬಿಯ ಉಂಗುರ ಇದನ್ನು ಕಾಣುತ್ತದೆ. ನೆಲಕ್ಕೆ ಪ್ರವಾಹ ಹೋದದ್ದು ನಿಜ, ಅದು ಬಿದ್ದದ್ದೂ ನ್ಯಾಯವೇ.

ಆದರೆ ಮಳೆಗಾಲದ ಎಲ್ಲ ಟ್ರಿಪ್‌ಗಳಿಗೂ ಮಿಂಚು ಕಾರಣವಲ್ಲ. ನೀರಿಳಿದ ಗೋಡೆಯ ಪೈಪು, ಅಂಗಳದ ದೀಪದ ಹೋಲ್ಡರು, ಬಾವಿ ಪಂಪಿನ ಕೇಬಲ್ಲಿಗೆ ಟೇಪು ಸುತ್ತಿದ ಜಾಯಿಂಟು, ಇವು ಒದ್ದೆಯಾದಾಗ ನಿಜವಾದ ಸೋರಿಕೆ ಶುರುವಾಗುತ್ತದೆ. ಇನ್ನೊಂದು ಕಾರಣ ಇನ್ವರ್ಟರ್. ಅದರ ಸರ್ಕ್ಯೂಟಿನ ನ್ಯೂಟ್ರಲ್ಲನ್ನು ಮನೆಯ ಉಳಿದ ನ್ಯೂಟ್ರಲ್‌ಗಳೊಂದಿಗೆ ತಪ್ಪಾಗಿ ಬೆರೆಸಿದ್ದರೆ ಪ್ರವಾಹ ಹೋಗುವುದು ಒಂದು ದಾರಿಯಲ್ಲಿ, ಮರಳುವುದು ಇನ್ನೊಂದು ದಾರಿಯಲ್ಲಿ. ಮಿಂಚಿಗೆ ಕರೆಂಟ್ ಹೋಗಿ ಬಂದಾಗ ಈ ತಪ್ಪು ಬಯಲಾಗುತ್ತದೆ, ಗುಡುಗಿನ ಹೆಸರಿಗೆ ಅಪವಾದ ಅಂಟುತ್ತದೆ.

ಮೊದಲ ತಪ್ಪು: ಸಾಕ್ಷಿಯನ್ನು ಓಡಿಸುವುದು

ಈಗ ಚಿಕ್ಕಪ್ಪನ ಮನೆಯ ಬೋರ್ಡಿಗೆ ಮರಳೋಣ. ಆರ್‌ಸಿಸಿಬಿ ತೆಗೆದ ಮೇಲೆ ಉಳಿದದ್ದು ಎಂಸಿಬಿ ಮತ್ತು ಅರ್ಥಿಂಗ್. ‘ಅರ್ಥಿಂಗ್ ಇದೆಯಲ್ಲ, ಸಾಕು’ ಎನ್ನುವವರು ಬಹಳ. ಸಾಕೇ?

ನಮ್ಮ ಹಳ್ಳಿಮನೆಗಳ ಅರ್ಥಿಂಗ್ ಎಂದರೆ ಹಿತ್ತಲಿನ ಒಂದು ಗುಂಡಿ, ಒಂದು ಪೈಪು, ಒಂದಿಷ್ಟು ಉಪ್ಪು ಮತ್ತು ಇದ್ದಿಲು. ಬೇಸಗೆಯಲ್ಲಿ ಒಣಗಿದ ಜಂಬಿಟ್ಟಿಗೆ ಮಣ್ಣಿನ ರೋಧ ಹೆಚ್ಚು. ಒಳ್ಳೆಯದೆಂದೇ ಭಾವಿಸಿ 20 ಓಮ್ ಎನ್ನೋಣ. ಗೀಸರಿನೊಳಗೆ ಫೇಸ್ ತಂತಿ ಲೋಹದ ಮೈಗೆ ತಾಗಿತು. ನೆಲಕ್ಕೆ ಹರಿಯುವ ಪ್ರವಾಹ 230 ಭಾಗಿಸು 20, ಎಂದರೆ 11.5 ಆಂಪೇರ್. 16 ಆಂಪೇರಿನ ಎಂಸಿಬಿ ಇದಕ್ಕೆ ಬೀಳುವುದೇ ಇಲ್ಲ. ಗೀಸರಿನ ಮೈ, ನಲ್ಲಿ, ನೀರು ಎಲ್ಲದರಲ್ಲೂ ವಿದ್ಯುತ್ ನಿಂತಿರುತ್ತದೆ. ಆರ್‌ಸಿಸಿಬಿ ಇದ್ದಿದ್ದರೆ 11.5 ಆಂಪೇರಿನವರೆಗೆ ಕಾಯುತ್ತಿರಲಿಲ್ಲ, 0.03 ಆಂಪೇರಿಗೇ ಕಡಿಯುತ್ತಿತ್ತು. ಅರ್ಥಿಂಗ್ ಎಷ್ಟು ಕಳಪೆಯೋ ಆರ್‌ಸಿಸಿಬಿ ಅಷ್ಟು ಅಗತ್ಯ. ನಾವು ಮಾಡುವುದು ಇದಕ್ಕೆ ವಿರುದ್ಧ. ಅರ್ಥಿಂಗ್ ಕೆಟ್ಟಿರುವ ಮನೆಗಳಲ್ಲೇ ಅದನ್ನು ಮೊದಲು ಕಿತ್ತು ಹಾಕುತ್ತೇವೆ.

ದೇಶದ ಲೆಕ್ಕವನ್ನೂ ನೋಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಪ್ರಕಾರ 2021ರಲ್ಲಿ ಭಾರತದಲ್ಲಿ ಸಿಡಿಲಿಗೆ ಸತ್ತವರು 2,800ಕ್ಕಿಂತ ಹೆಚ್ಚು. ಅದೇ ವರ್ಷ ವಿದ್ಯುದಾಘಾತಕ್ಕೆ ಸತ್ತವರು 12,000ಕ್ಕಿಂತ ಹೆಚ್ಚು. ಆಕಾಶದ ವಿದ್ಯುತ್ತಿಗಿಂತ ತಂತಿಯ ವಿದ್ಯುತ್ತು ನಾಲ್ಕು ಪಟ್ಟಿಗೂ ಮಿಗಿಲಾಗಿ ಕೊಂದಿದೆ. ಇವೆಲ್ಲವೂ ಮನೆಯೊಳಗಿನ ಸಾವುಗಳಲ್ಲ, ನಿಜ. ಆದರೂ ಮಿಂಚು ತರುವ ಐದು ನಿಮಿಷದ ಕತ್ತಲೆಗೆ ಬೇಸತ್ತು, ಅದಕ್ಕಿಂತ ದೊಡ್ಡ ಕೊಲೆಗಾರನಿಗೆ ಬಾಗಿಲು ತೆರೆದಿಡುವುದು ಯಾವ ಜಾಣತನ?

ಎರಡನೆಯ ತಪ್ಪು: ‘ಟ್ರಿಪ್ ಆಯ್ತು, ಟಿವಿ ಉಳೀತು’

ಇದು ಮೊದಲನೆಯದಕ್ಕೆ ವಿರುದ್ಧ ದಿಕ್ಕಿನ ಮೂಢನಂಬಿಕೆ. ಸಿಡಿಲು ಹೊಡೆದಾಗ ಸ್ವಿಚ್ಚು ಬಿದ್ದು ಉಪಕರಣಗಳನ್ನು ಕಾಪಾಡಿತು ಎಂದು ನಂಬುವವರು ಕಡಿಮೆಯಿಲ್ಲ. ಸರ್ಜ್ ಮುಗಿಯುವುದಕ್ಕೆ 50 ಮೈಕ್ರೊಸೆಕೆಂಡು ಬೇಕು ಎನ್ನೋಣ. ಯಾಂತ್ರಿಕವಾದ ಸ್ವಿಚ್ಚು ಬಿಡಿಸಿಕೊಳ್ಳಲು ಕೆಲವು ಮಿಲಿಸೆಕೆಂಡುಗಳು ಬೇಕು. 10 ಮಿಲಿಸೆಕೆಂಡು ಎಂದರೂ ಅದು ಸರ್ಜಿನ ಅವಧಿಯ 200 ಪಟ್ಟು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ. ಟಿವಿ ಉಳಿದದ್ದು ಅಂದಿನ ಉಬ್ಬರ ಚಿಕ್ಕದಾಗಿದ್ದುದರಿಂದ, ಸ್ವಿಚ್ಚಿನಿಂದಲ್ಲ.

ಮಾಳಿಗೆಯ ಮೇಲಿನ ಸಿಡಿಲು ಕಡ್ಡಿಯೂ ಟಿವಿಯನ್ನು ಕಾಯದು. 1752ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಹೇಳಿಕೊಟ್ಟ ಆ ಕಡ್ಡಿ ಕಟ್ಟಡಕ್ಕೆ ಬಡಿಯುವ ಸಿಡಿಲಿಗೆ ದಾರಿ ತೋರಿಸುತ್ತದೆ. ಅರ್ಧ ಕಿಲೋಮೀಟರ್ ಆಚೆ ಹುಟ್ಟಿ ತಂತಿಯ ಮೂಲಕ ಒಳಬರುವ ಉಬ್ಬರಕ್ಕೆ ಅದು ಅಡ್ಡಬರುವುದಿಲ್ಲ.

ಮೂರನೆಯ ತಪ್ಪು: ದೊಡ್ಡದನ್ನು ಹಾಕುವುದು

ಎಂಸಿಬಿ ಪದೇ ಪದೇ ಬಿದ್ದರೆ 16ರ ಜಾಗಕ್ಕೆ 32 ಹಾಕುವುದು ಮತ್ತೊಂದು ರೂಢಿ. ಎಂಸಿಬಿ ಆರಿಸುವುದು ಗೋಡೆಯೊಳಗಿನ ತಂತಿಯ ದಪ್ಪ ನೋಡಿ. ತಂತಿ ಹಾಗೆಯೇ ಇದ್ದು ಎಂಸಿಬಿ ಮಾತ್ರ ದೊಡ್ಡದಾದರೆ, ಬೀಳುವ ಮೊದಲು ತಂತಿಯೇ ಸುಡುತ್ತದೆ. ಸನ್ನೆಯನ್ನು ಟೇಪು ಕಟ್ಟಿ ಮೇಲೆ ಹಿಡಿಸುವವರೂ ಇದ್ದಾರೆ. ಆ ಶ್ರಮ ವ್ಯರ್ಥ. ಸನ್ನೆಯನ್ನು ಒತ್ತಿ ಹಿಡಿದರೂ ಒಳಗಿನ ಸಂಪರ್ಕ ಬಿಡಿಸಿಕೊಳ್ಳುವಂತೆಯೇ ಅದನ್ನು ರಚಿಸಿರುತ್ತಾರೆ.

ಪಾಠವೂ ನಿಯಮವೂ

ಹೀಗೇಕೆ ಆಗುತ್ತದೆ? ಕೆಲಸಗಾರರನ್ನು ದೂರುವ ಮುನ್ನ ನಾವು ಏನು ಕಲಿಸಿದ್ದೇವೆ ಎಂದು ನೋಡಬೇಕು. ಬಹುಕಾಲ ಓದಿಸಲಾದ ಎನ್‌ಸಿಇಆರ್‌ಟಿ 8ನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಮಿಂಚಿನ ಪಾಠವಿತ್ತು. ಮಿಂಚಿನ ಹೊತ್ತಿನಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂದು ಅದು ಚೆನ್ನಾಗಿಯೇ ಹೇಳಿತ್ತು. 10ನೇ ತರಗತಿಯ ಪುಸ್ತಕ ಮನೆಯ ವಿದ್ಯುತ್ ಮಂಡಲವನ್ನು ವಿವರಿಸುವಾಗ ಫ್ಯೂಸ್ ಮತ್ತು ಭೂಸಂಪರ್ಕ ತಂತಿಗೆ ನಿಲ್ಲುತ್ತದೆ. ಮಿಂಚು ಒಂದು ಪಾಠದಲ್ಲಿ, ಫ್ಯೂಸು ಇನ್ನೊಂದರಲ್ಲಿ. ನಡುವೆ ಇರುವ ಆರ್‌ಸಿಸಿಬಿ ಆ ಎರಡು ಪಾಠಗಳಲ್ಲೂ ಇಲ್ಲ. ಭೂಸಂಪರ್ಕ ಇದ್ದರೆ ಆಘಾತವಾಗದು ಎಂದು ಬರೆದು ಅಂಕ ಪಡೆದ ವಿದ್ಯಾರ್ಥಿಗೆ, ಆ ಮಾತು ಎಷ್ಟು ಓಮ್‌ವರೆಗೆ ನಿಜ ಎಂದು ಯಾರೂ ಕೇಳುವುದಿಲ್ಲ. ಮೇಲಿನ 11.5 ಆಂಪೇರಿನ ಲೆಕ್ಕಕ್ಕೆ ಬೇಕಾದದ್ದು ಓಮನ ನಿಯಮ ಮಾತ್ರ. ಹೈಸ್ಕೂಲಿನ ಮಕ್ಕಳು ಮಾಡಬಲ್ಲ ಲೆಕ್ಕ ಅದು.

ನಿಯಮಗಳಲ್ಲೂ ಒಂದು ಮಾತು ಗಮನಿಸಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳು ಸೋರಿಕೆ ರಕ್ಷಣೆಯನ್ನು ಕಡ್ಡಾಯ ಮಾಡಿದಾಗ 5 ಕಿಲೋವಾಟ್‌ಗಿಂತ ಕಡಿಮೆಯ ಸಣ್ಣ ಸಂಪರ್ಕಗಳನ್ನು ಹೊರಗಿಟ್ಟವು. ಮುಂದೆ ಆ ಮಿತಿ ಇಳಿಯಿತು. 2010ರ ನಿಯಮಗಳ ಜಾಗಕ್ಕೆ 2023ರಲ್ಲಿ ಹೊಸವು ಬಂದವು. ಆದರೆ ಅಷ್ಟರಲ್ಲಿ ‘ಸಣ್ಣ ಮನೆಗೆ ಇದೆಲ್ಲ ಬೇಡ’ ಎಂಬ ಭಾವನೆ ಊರೂರಲ್ಲಿ ಬೇರುಬಿಟ್ಟಿತ್ತು. ಹಳೆಯ ವೈರಿಂಗ್, ಮಣ್ಣಿನ ನೆಲ, ಬರಿಗಾಲಿನ ಓಡಾಟ ಇರುವುದು ಆ ಸಣ್ಣ ಮನೆಗಳಲ್ಲೇ. ಸಂಪರ್ಕದ ಕಿಲೋವಾಟ್ ಕಡಿಮೆಯಾದರೆ ಅಪಾಯ ಕಡಿಮೆಯಾಗುವುದಿಲ್ಲ. ಕೊಲ್ಲಲು 50 ವಾಟ್ ಬೇಕಾದಷ್ಟಾಯಿತು.

ಹಾಗಾದರೆ ಏನು ಮಾಡಬೇಕು?

ಮೊದಲು ಕಾರಣವನ್ನು ಹುಡುಕಬೇಕು. ಒಂದು ಕಾಗದವನ್ನು ಬೋರ್ಡಿನ ಪಕ್ಕದಲ್ಲಿ ಅಂಟಿಸಿ. ಸ್ವಿಚ್ಚು ಬಿದ್ದಾಗಲೆಲ್ಲ ಎರಡು ಸಂಗತಿ ಬರೆಯಿರಿ: ಬಿದ್ದದ್ದು ಎಂಸಿಬಿಯೋ ಆರ್‌ಸಿಸಿಬಿಯೋ, ಮಿಂಚಿದೊಡನೆ ಬಿದ್ದಿತೋ, ಮಳೆ ಹಿಡಿದ ಮೇಲೆ ಬಿದ್ದಿತೋ. ಒಣ ಮಿಂಚಿಗೆ ಬಿದ್ದು, ಎತ್ತಿದೊಡನೆ ನಿಂತರೆ ಸರ್ಜ್ ಎಂದು ಊಹಿಸಬಹುದು. ಮಳೆ ಬಂದು ಸ್ವಲ್ಪ ಹೊತ್ತಿಗೆ ಬಿದ್ದು, ಎತ್ತಿದರೂ ನಿಲ್ಲದೆ ಮರುದಿನ ಬಿಸಿಲಿಗೆ ಸರಿಹೋದರೆ ಎಲ್ಲೋ ನೀರು ಸೇರಿದೆ. ಕರೆಂಟ್ ಹೋಗಿ ಬಂದಾಗ ಮಾತ್ರ ಬಿದ್ದರೆ ಇನ್ವರ್ಟರ್ ವೈರಿಂಗ್ ನೋಡಿಸಿ.

ಸೋರಿಕೆಯಾದರೆ, ಎಲ್ಲ ಎಂಸಿಬಿಗಳನ್ನು ಇಳಿಸಿ ಆರ್‌ಸಿಸಿಬಿ ಎತ್ತಿ, ಒಂದೊಂದಾಗಿ ಎಂಸಿಬಿ ಏರಿಸುತ್ತ ಬನ್ನಿ. ಯಾವುದಕ್ಕೆ ಬೀಳುತ್ತದೋ ಆ ಸರ್ಕ್ಯೂಟಿನಲ್ಲಿ ದೋಷವಿರುವ ಸಂಭವ ಹೆಚ್ಚು. ಮುಂದಿನ ಕೆಲಸ ಇನ್ಸುಲೇಶನ್ ಅಳೆಯುವ ಮೆಗ್ಗರ್ ಇರುವವರದು.

ಸರ್ಜ್ ಆದರೆ, ಮೇನ್ ಬೋರ್ಡಿನಲ್ಲಿ ಎಸ್‌ಪಿಡಿ ಎಂಬ ಸರ್ಜ್ ರಕ್ಷಕವನ್ನು ಹಾಕಿಸಬೇಕು. ಇದರೊಳಗಿನ ಸತುವಿನ ಆಕ್ಸೈಡ್ ಬಿಲ್ಲೆ ಸಾಮಾನ್ಯ ವೋಲ್ಟೇಜಿನಲ್ಲಿ ಅವಾಹಕ, ಉಬ್ಬರ ಬಂದಾಗ ವಾಹಕ. ಸಾಮಾನ್ಯ ಮನೆಗಳಿಗೆ ಟೈಪ್ 2 ಜಾತಿಯದು. ಮಾಳಿಗೆಯ ಮೇಲೆ ಸಿಡಿಲು ಕಡ್ಡಿ ಇದ್ದರೆ ಟೈಪ್ 1 ಕೂಡ ಬೇಕು. ಎಸ್‌ಪಿಡಿಯನ್ನು ಆರ್‌ಸಿಸಿಬಿಗಿಂತ ಮುಂಚೆ, ಮೀಟರಿನ ಬದಿಗೆ ಜೋಡಿಸಿದರೆ ಉಬ್ಬರದ ಬಹುಪಾಲು ಆರ್‌ಸಿಸಿಬಿಯ ಮೂಲಕ ಹಾಯದೆ ನೆಲ ಸೇರುತ್ತದೆ. ಮನೆಯದೇ ಅರ್ಥ್ ಗುಂಡಿ ಇರುವ ಕಡೆ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕಿಡಿಯಂತರವಿರುವ ‘1+1’ ಮಾದರಿಯನ್ನೇ ಕೇಳಿ. ಜೋಡಿಸುವ ತಂತಿಗಳ ಒಟ್ಟು ಉದ್ದ ಅರ್ಧ ಮೀಟರ್ ಮೀರಬಾರದು. ಅರ್ಥಿಂಗ್ ಇಲ್ಲದ ಮನೆಯಲ್ಲಿ ಎಸ್‌ಪಿಡಿ ಬಹುಪಾಲು ಅಲಂಕಾರ.

ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಬೇಡ. ಮಾನಕದ ಪ್ರಕಾರ 30 ಮಿಲಿಆಂಪೇರಿನದು 15 ದಾಟಿದ ಮೇಲೆ ಎಲ್ಲಿ ಬೇಕಾದರೂ ಬೀಳಬಹುದು. ಹತ್ತಾರು ಉಪಕರಣಗಳ ಸಣ್ಣ ಸೋರಿಕೆಗಳು ಕೂಡಿ ಅದನ್ನು ಮೊದಲೇ ಅಂಚಿಗೆ ತಂದಿರುತ್ತವೆ. ಅಡಿಗೆಮನೆ ಮತ್ತು ಬಚ್ಚಲಿಗೆ ಒಂದು, ಅಂಗಳ ಮತ್ತು ಪಂಪಿಗೆ ಒಂದು, ಉಳಿದದ್ದಕ್ಕೆ ಒಂದು ಎಂದು ಹಂಚಿದರೆ ಒಂದು ಬಿದ್ದರೂ ಮನೆ ಕತ್ತಲಾಗದು. ಮೇನ್ ಜಾಗದಲ್ಲಿ ತಡವಾಗಿ ಬೀಳುವ ‘ಎಸ್’ ಜಾತಿಯದನ್ನು ಹಾಕಬಹುದು. ಅದು 3,000 ಆಂಪೇರಿನ ಪ್ರಮಾಣಿತ ಸರ್ಜಿಗೂ ಬೀಳದಂತೆ ಇರಬೇಕೆಂದು ಮಾನಕ ಹೇಳುತ್ತದೆ. ಆದರೆ ಅದರ ಕೆಳಗೆ 30 ಮಿಲಿಆಂಪೇರಿನವು ಇರಲೇಬೇಕು.

ಆರ್‌ಸಿಸಿಬಿಯ ಮೇಲಿನ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಅದು ಸತ್ತಿದೆ, ಬದಲಿಸಿ. ದೊಡ್ಡ ಸಿಡಿಲಿನ ಮರುದಿನವೂ ಒತ್ತಿ ನೋಡಿ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವರನ್ನು ಆರ್‌ಸಿಸಿಬಿ ಗುರುತಿಸಲಾರದು ಎಂಬುದೂ ನೆನಪಿರಲಿ. ಗಾಳಿಮಳೆಗೆ ಕಂಬದ ನ್ಯೂಟ್ರಲ್ ತಂತಿ ಕಡಿದರೆ ಮನೆಗೆ 230ರ ಬದಲು 400 ವೋಲ್ಟಿನ ಸಮೀಪ ಬರಬಹುದು. ದೀಪಗಳು ಇದ್ದಕ್ಕಿದ್ದಂತೆ ಪ್ರಖರವಾದರೆ ಕೂಡಲೇ ಮೇನ್ ಇಳಿಸಿ. ಇದನ್ನು ಎಂಸಿಬಿ, ಆರ್‌ಸಿಸಿಬಿ, ಎಸ್‌ಪಿಡಿ ಮೂರೂ ಸರಿಯಾಗಿ ತಡೆಯಲಾರವು. ಅದಕ್ಕೆ ಹೆಚ್ಚು ವೋಲ್ಟೇಜಿಗೆ ಕಡಿಯುವ ಬೇರೆ ರಕ್ಷಕ ಬೇಕು. ಇನ್ನು ಮೋಡ ಕಟ್ಟುವಾಗಲೇ ಟಿವಿ, ಕಂಪ್ಯೂಟರುಗಳ ಪ್ಲಗ್ ಕಳಚುವ ಹಳೆಯ ಅಭ್ಯಾಸ ಇವೆಲ್ಲಕ್ಕಿಂತ ಅಗ್ಗ, ಖಚಿತ. ತಲೆಯ ಮೇಲೆ ಮಿಂಚುತ್ತಿರುವಾಗ ಮಾತ್ರ ಪ್ಲಗ್ ಮುಟ್ಟಲು ಹೋಗಬೇಡಿ.

ಕಡೆಯ ಮಾತು

ಚಿಕ್ಕಪ್ಪನ ಮನೆಯಲ್ಲಿ ಆರ್‌ಸಿಸಿಬಿಯನ್ನು ಮತ್ತೆ ಹಾಕಿಸಿ, ಕಾಗದ ಅಂಟಿಸಿದೆವು. ಎರಡು ವಾರದ ಬರಹ ವಿಚಿತ್ರವಾಗಿತ್ತು. ಒಣ ಮಿಂಚಿಗೆ ಅದು ಬಿದ್ದದ್ದು ಒಂದೇ ಸಲ. ಉಳಿದ ನಾಲ್ಕು ಸಲವೂ ಮಳೆ ಹಿಡಿದು ಹತ್ತು ಹದಿನೈದು ನಿಮಿಷದ ಮೇಲೆ. ಒಂದೊಂದಾಗಿ ಎಂಸಿಬಿ ಏರಿಸುತ್ತ ಹೋದಾಗ ಸಿಕ್ಕಿದ್ದು ಗೇಟಿನ ದೀಪ. ಕಬ್ಬಿಣದ ಕಂಬ, ಮೇಲೆ ಒಡೆದ ಗಾಜಿನ ಬುರುಡೆ, ಹೋಲ್ಡರಿನೊಳಗೆ ನೀರು. ಕಂಬಕ್ಕೆ ಅರ್ಥ್ ತಂತಿಯೇ ಇರಲಿಲ್ಲ. ನೆಲದಲ್ಲಿ ಹೂತ ಅದರ ಬುಡದ ರೋಧ 200 ಓಮ್ ಎಂದುಕೊಂಡರೂ, ತಂತಿ ಪೂರ್ತಿ ತಾಗಿದಾಗ ಹರಿಯುವುದು ಸುಮಾರು 1.15 ಆಂಪೇರ್. ಅಲ್ಲಿದ್ದ 6 ಆಂಪೇರಿನ ಎಂಸಿಬಿ ಬೀಳುತ್ತಿರಲಿಲ್ಲ. ಮಳೆ ನಿಂತ ಕೂಡಲೇ ಮೊಮ್ಮಕ್ಕಳು ಬರಿಗಾಲಿನಲ್ಲಿ ಹಿಡಿದು ಸುತ್ತುತ್ತಿದ್ದದ್ದು ಆ ಕಂಬವನ್ನೇ.

ಏಳೆಂಟು ಸಲ ಬಿದ್ದು ಆ ಸ್ವಿಚ್ಚು ಹೇಳುತ್ತಿದ್ದುದು ಈ ಕಂಬದ ವಿಷಯವನ್ನು. ನಾವು ಗುಡುಗನ್ನು ದೂರಿ, ಹೇಳುತ್ತಿದ್ದವನ ಬಾಯಿ ಕಟ್ಟಿದೆವು. ಬೋರ್ಡು ಬಿಚ್ಚಿದ್ದ ಕೆಲಸಗಾರರು ಆ ಕಾಗದ ನೋಡಿ, ಇಂಥದೇ ಒಂದನ್ನು ಬೇರೆ ಮನೆಗಳಲ್ಲೂ ಅಂಟಿಸುತ್ತೇನೆ ಎಂದರು. ಓದುಗರೂ ಈ ಮಳೆಗಾಲಕ್ಕೆ ಮುನ್ನ ಒಮ್ಮೆ ತಮ್ಮ ಮೀಟರ್ ಬೋರ್ಡನ್ನು ನೋಡಲಿ. ಅಲ್ಲಿ ‘ಟಿ’ ಗುಂಡಿಯ ಸಾಧನ ಇದೆಯೇ? ಇದ್ದರೆ, ಗುಂಡಿ ಒತ್ತಿದಾಗ ಮನೆಯ ದೀಪ ಆರುತ್ತದೆಯೇ? ಆರದಿದ್ದರೆ, ನಿಮ್ಮ ಮನೆಯಲ್ಲೂ ಯಾರೋ ‘ಡೈರೆಕ್ಟ್’ ಕೊಟ್ಟಿರಬಹುದು.